ಎಲ್ಲರ ಮಾವ

ಮಾವ ಓಟ ಶುರು ಮಾಡಿದ್ದು ಓಡುವ ಆಸೆಯಿಂದಲ್ಲ, ಸೊಸೆಗೆ ಜೊತೆಯಾಗಲೆಂದು.

ಜ್ವರವೆಂದು ಆಸ್ಪತ್ರೆ ಸೇರಿದ ಮಗ ವಾಪಸ್ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಉಳಿದವರು ಮೂವರು. ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಮಾವ, ಮಂಡಿನೋವಿನ ಅತ್ತೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ ಸೊಸೆ. ಸೊಸೆ ಕೆಲಸಕ್ಕೇನೋ ಹೋಗುತ್ತಿದ್ದಳು. ಬಂದವರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, "ಮುಷ್ಟಿ ಹಿಡೀರಿ, ಆಯ್ತು, ಬಿಡಿ" ಎಂದು ನೋವಾಗದ ಹಾಗೆ ರಕ್ತ ತೆಗೆಯುತ್ತಿದ್ದಳು. ಮನೆಗೆ ಬಂದರೆ ಮಾತ್ರ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಊಟಕ್ಕೆ ಕರೆದರೆ ಎದ್ದು ಬಂದು ಎರಡು ತುತ್ತು ತಿಂದು, ತಟ್ಟೆ ತೊಳೆದಿಟ್ಟು ಮತ್ತೆ ಒಳಗೆ. ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬಾ ಎಂದರೆ, "ಅಲ್ಲಿ ಯಾರಿದ್ದಾರೆ ಅತ್ತೆ, ಅಣ್ಣ ಅತ್ತಿಗೆ ಅವರ ಪಾಡಿಗೆ ಅವರಿದ್ದಾರೆ" ಎನ್ನುತ್ತಿದ್ದಳು.

ಲ್ಯಾಬಿನ ಮೇಲಿನ ಮಹಡಿಯಲ್ಲಿ ಒಬ್ಬ ಹಲ್ಲಿನ ಡಾಕ್ಟ್ರಮ್ಮ ಇದ್ದರು. ದಿನಾ ಬೆಳಗ್ಗೆ ನೀರಿನ ಟ್ಯಾಂಕಿನ ಬಳಿ ಸೇರಿ, ಕಾಲುವೆ ದಂಡೆಯ ಮೇಲೆ ಓಡುವ ಗುಂಪಿನಲ್ಲಿ ಅವರೂ ಒಬ್ಬರು. ಓಡೋಕೆ ಬಾ ಎಂದು ಅವರು ಸೊಸೆಯ ಬೆನ್ನು ಹತ್ತಿದರು. "ಒಬ್ಬಳೇ ಬರೋಕಾಗಲ್ಲ" ಎಂದು ಸೊಸೆ ಜಾರಿಕೊಂಡಳು. ಆ ಮಾತು ಹೇಗೋ ಅತ್ತೆಯ ಕಿವಿಗೆ ಬಿತ್ತು.

"ರೀ, ನೀವು ಹೋಗಿ ಅವಳ ಜೊತೆ."

"ನಾನಾ? ನನ್ನ ಹೊಟ್ಟೆ ನೋಡೇ. ಓಡಿದ್ರೆ ಇದು ಮುಂದೆ ಹೋಗುತ್ತೆ, ನಾನು ಹಿಂದೆ ಉಳೀತೀನಿ."

"ಓಡಿ ಅಂತ ಯಾರಂದ್ರು? ಒಂದು ಕಡೆ ಕೂತಿರಿ. ಆ ಹುಡುಗಿ ಮುಖಕ್ಕೆ ಒಂದಿಷ್ಟು ಗಾಳಿ ಬೀಳ್ಲಿ."

ಅಂತೂ ಮಾವ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗಿ ಟ್ಯಾಂಕಿನ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಕೂರತೊಡಗಿದರು. ಸೊಸೆ ಡಾಕ್ಟ್ರಮ್ಮನ ಜೊತೆ ಅರ್ಧ ನಡೆದು ಅರ್ಧ ಓಡಿ ಬರುತ್ತಿದ್ದಳು. ಗುಂಪಿನ ಮುಂದಾಳು ಕ್ಷೌರದಂಗಡಿಯವರು. ಒಣಗಿದ ಕಡ್ಡಿಯಂಥ ಆಳು, ವಯಸ್ಸಾಗಿದ್ದರೂ ಜಿಂಕೆಯ ಕಾಲು. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಒಂದು ದಿನ ಅವರು ಬೆಂಚಿನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟರು.

"ಈ ಬೆಂಚು ಓಡಿಹೋಗಲ್ಲ. ನೀವು ಕಾಯೋದು ಬೇಕಾಗಿಲ್ಲ. ಏಳಿ ಮಾವ."

"ನೀವು ನನಗಿಂತ ದೊಡ್ಡವರು, ನಾನು ನಿಮಗೆ ಹೇಗೆ ಮಾವ ಆಗ್ತೀನಿ?"

"ಆ ಮಗು ಮಾವ ಮಾವ ಅಂತಿರುತ್ತೆ, ಬಾಯಿಗೆ ಅದೇ ಬಂತು. ನಿಮ್ಮ ತಲೇಲಿ ನಾಲ್ಕು ಕೂದಲಿಲ್ಲ, ನನ್ನ ಅಂಗಡಿಗಂತೂ ನಿಮ್ಮಿಂದ ಉಪಯೋಗ ಇಲ್ಲ. ಓಡೋಕಾದ್ರೂ ಬನ್ನಿ."

ಹಾಗೆ ಶುರುವಾಯಿತು. ಮೊದಲು ನಡಿಗೆ, ಆಮೇಲೆ ಆ ಲೈಟ್ ಕಂಬದಿಂದ ಈ ಲೈಟ್ ಕಂಬಕ್ಕೆ ಕುಪ್ಪಳಿಕೆ, ಕೊನೆಗೆ ಓಟ ಎನ್ನಬಹುದಾದಂಥ ಒಂದು ಓಟ. ಪ್ಯಾಂಟು ಸಡಿಲವಾಯಿತು. ಅತ್ತೆ ಎರಡು ಸಲ ಸೊಂಟ ಬಿಗಿ ಮಾಡಿ ಹೊಲಿದುಕೊಟ್ಟು, ಮೂರನೇ ಸಲ, "ನೀವೇ ಹೊಲಿಗೆ ಯಂತ್ರದವರಲ್ವಾ, ಹೊಲ್ಕೊಳ್ಳಿ" ಎಂದರು. ಅಷ್ಟರಲ್ಲಿ ಅವರು ಇಡೀ ಗುಂಪಿಗೆ ಮಾವ ಆಗಿಬಿಟ್ಟಿದ್ದರು. ಡಾಕ್ಟ್ರಮ್ಮನಿಗೂ ಮಾವ, ದಂಡೆಯ ತುದಿಯ ಟೀ ಅಂಗಡಿಯವನಿಗೂ ಮಾವ.

ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಬಲ್ಲವನು ಒಬ್ಬ ಬಸ್ ಡ್ರೈವರ್. ಆದರೆ ಯಾವತ್ತೂ ಮೊದಲು ಮುಟ್ಟಿದವನಲ್ಲ. ಯಾರದೋ ಶೂ ದಾರ ಬಿಚ್ಚಿದರೆ ನಿಲ್ಲುತ್ತಿದ್ದ, ಯಾರಿಗೋ ಮೀನಖಂಡ ಹಿಡಿದುಕೊಂಡರೆ ನಿಲ್ಲುತ್ತಿದ್ದ, ನಾಯಿಮರಿ ಅಡ್ಡ ಬಂದರೂ ನಿಲ್ಲುತ್ತಿದ್ದ. ಹಾಗಾಗಿ ಅವನಿಗೆ ಬ್ರೇಕ್ ಎಂಬ ಅಡ್ಡಹೆಸರು. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡು, ಅವರು ತೀರಿಕೊಂಡ ಮೇಲೆ ಒಂಟಿಯಾಗಿದ್ದ. ಮದುವೆಯ ವಯಸ್ಸು ತಾಯಿಯ ಮಂಚದ ಪಕ್ಕದಲ್ಲೇ ಕಳೆದುಹೋಗಿತ್ತು.

ಮಾವನಿಗೆ ಅವನನ್ನು ಕಂಡರೆ ಇಷ್ಟ. ತಮ್ಮ ಕುಂಟು ಓಟಕ್ಕೆ ಹೆಜ್ಜೆ ಹೊಂದಿಸಿಕೊಂಡು ಪಕ್ಕದಲ್ಲೇ ಬರುತ್ತಿದ್ದ. ಬರುಬರುತ್ತಾ ಅವನು ತಮ್ಮ ಪಕ್ಕದಲ್ಲಿ ಕಡಿಮೆ, ಸೊಸೆಯ ಪಕ್ಕದಲ್ಲಿ ಹೆಚ್ಚು ಎನ್ನುವುದು ಅವರ ಗಮನಕ್ಕೇ ಬರಲಿಲ್ಲ. ಗಮನಕ್ಕೆ ಬಂದದ್ದು ಒಂದು ನಗುವಿನಿಂದ. ಅವನು ಬಸ್ಸಿನ ಯಾರೋ ಪ್ರಯಾಣಿಕರ ಅಣಕ ಮಾಡುತ್ತಿದ್ದ. ಇಳಿಯುವ ನಿಲ್ದಾಣ ದಾಟಿದ ಮೇಲೆ ಎಚ್ಚರಾಗಿ, ತಪ್ಪೆಲ್ಲ ಡ್ರೈವರಿನದೇ ಎಂದು ಜಗಳಕ್ಕೆ ನಿಲ್ಲುವ ಒಬ್ಬ ದಪ್ಪ ಮೀಸೆಯವರು. ಸೊಸೆ ಓಡುತ್ತಿದ್ದವಳು ನಿಂತು, ಮಂಡಿಯ ಮೇಲೆ ಕೈಯೂರಿ, ಗಟ್ಟಿಯಾಗಿ ನಕ್ಕಳು. ಹಿಂದೆ ಬರುತ್ತಿದ್ದ ಮಾವ ಅಲ್ಲೇ ನಿಂತುಬಿಟ್ಟರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಎದೆ ತುಂಬಿ ಬಂತು. ಮರುಕ್ಷಣವೇ ಹೊಟ್ಟೆಯಲ್ಲಿ ಏನೋ ಧಸಕ್ಕೆಂದಿತು. ಅದೇನೆಂದು ಅವರು ಬಗೆದು ನೋಡಲು ಹೋಗಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಡ್ರೈವರ್ ಓಟಕ್ಕೆ ಬರುವುದು ನಿಂತುಹೋಯಿತು.

"ಡ್ಯೂಟಿ ಬದಲಾಗಿರ್ಬೇಕು" ಎಂದರು ಕ್ಯಾಪ್ಟನ್. "ಡ್ಯೂಟಿ ಅದೇ ಇದೆ, ನಿನ್ನೆ ಅದೇ ಬಸ್ಸಲ್ಲಿ ಕಂಡ್ರು" ಎಂದರು ಡಾಕ್ಟ್ರಮ್ಮ. ಸೊಸೆ ತಲೆ ತಗ್ಗಿಸಿಕೊಂಡು ಓಡಿ, ತಲೆ ತಗ್ಗಿಸಿಕೊಂಡೇ ಮನೆಗೆ ಬಂದಳು. ಸಂಜೆ ಮತ್ತೆ ಕೋಣೆಯ ಬಾಗಿಲು ಮುಚ್ಚಿತು.

ಡ್ರೈವರಿಗೆ ಮೈ ಹುಷಾರಿಲ್ಲವೇನೋ ಎಂದುಕೊಂಡು ಮಾವ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಬಸ್ ಡಿಪೋಗೆ ಹೋದರು. ಡೀಸೆಲ್ ವಾಸನೆಯ ಅಂಗಳ ದಾಟಿದರೆ ಡ್ರೈವರುಗಳ ವಿಶ್ರಾಂತಿ ಕೋಣೆ. ಗೋಡೆಯ ಮೊಳೆಗಳಿಗೆ ಖಾಕಿ ಅಂಗಿಗಳು, ಮೂಲೆಯಲ್ಲಿ ಯಾರದೋ ಗೊರಕೆ. ಡ್ರೈವರ್ ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತು ತಣ್ಣಗಾದ ಟೀ ಕುಡಿಯುತ್ತಿದ್ದ. ಮಾವನನ್ನು ಕಂಡವನೇ ಗಡಬಡಿಸಿ ಅಂಗಿ ಹಾಕಿಕೊಂಡ.

"ಏನಪ್ಪಾ, ಜ್ವರಾನಾ?"

"ಇಲ್ಲ ಮಾವ."

"ಮತ್ತೆ? ನಮ್ಮ ಮೇಲೆ ಕೋಪಾನಾ? ಕ್ಯಾಪ್ಟನ್ ಏನಾದ್ರೂ ಅಂದ್ರಾ?"

ಅವನು ಲೋಟವನ್ನು ಬೆಂಚಿನ ಮೇಲಿಟ್ಟು, ಸುತ್ತಲೂ ತಿರುಗಿಸಿದ. ಸುಳ್ಳು ಹೇಳಲು ಬಾರದವನಿಗೆ ಸುಳ್ಳು ಹುಡುಕುವುದೇ ಒಂದು ಶಿಕ್ಷೆ.

"ಅವರನ್ನ ಕೇಳ್ದೆ ಮಾವ. ನಿಮ್ಮ ಸೊಸೇನ. ಮದುವೆ ಆಗ್ತೀರಾ ಅಂತ. ನಿಮ್ಮನ್ನ ಮೊದಲು ಕೇಳ್ಬೇಕಿತ್ತೇನೋ. ಆದ್ರೆ ಬದುಕು ಅವರದ್ದಲ್ವಾ, ಅದಕ್ಕೆ ಅವರನ್ನೇ ಕೇಳ್ದೆ."

"ಏನಂದ್ಲು?"

"ಆಗಲ್ಲ ಅಂದ್ರು. ನಾನೂ ಹೋದ್ರೆ ಆ ಮನೇಲಿ ಅವರಿಬ್ಬರಿಗೆ ಏನು ಉಳಿಯುತ್ತೆ ಅಂದ್ರು. ನನ್ನನ್ನ ಕಂಡ್ರೆ ಇಷ್ಟ ಇಲ್ಲ ಅಂತ ಮಾತ್ರ ಅವರು ಹೇಳ್ಲಿಲ್ಲ. ಹೇಳಿದ್ರೆ ಒಳ್ಳೇದಿತ್ತು. ಆಮೇಲೆ ದಿನಾ ಎದುರಿಗೆ ಬಂದು ನಿಂತ್ರೆ ಅವರಿಗೆ ಹಿಂಸೆ. ಆ ಓಟ ಅವರಿಗೆ ಬೇಕು ಮಾವ. ನಂಗೇನು, ಎಲ್ಲಿ ಬೇಕಾದ್ರೂ ಓಡ್ತೀನಿ."

ಮಾವ ಎದ್ದು ಬಂದರು. ಅಂಗಡಿಗೆ ಹೋಗಿ ಯಂತ್ರವೊಂದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿದರು. ಜೋಡಿಸಿದ ಮೇಲೆ ನೋಡಿದರೆ ಒಂದು ಸ್ಕ್ರೂ ಹೊರಗೇ ಉಳಿದಿತ್ತು. ಮತ್ತೆ ಬಿಚ್ಚಿದರು. ಮರುದಿನವೂ ಹಾಗೇ. ಮನೆಯಲ್ಲಿ ಅತ್ತೆ ಗಮನಿಸದೆ ಬಿಡುವರೇ?

"ಏನ್ರೀ ಅದು, ನಿನ್ನೆಯಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗಿದ್ದೀರಿ? ಉಗುಳಿ, ಇಲ್ಲ ನುಂಗಿ."

ಮಾವ ಉಗುಳಿದರು. ಎಲ್ಲವನ್ನೂ ಹೇಳಿ, ಹೆಂಡತಿಯ ಮುಖ ನೋಡಲು ಹೆದರಿ, ಕಿಟಕಿಯ ಆಚೆ ನೋಡಿದರು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಹೋಗಿ, ಮಗನ ಬೀರು ತೆಗೆದು, ಮಡಿಸಿಟ್ಟಿದ್ದ ಅಂಗಿಗಳನ್ನೇ ಬಿಡಿಸಿ ಮತ್ತೆ ಮಡಿಸತೊಡಗಿದರು. ಒಂದು ಅಂಗಿಯ ಗುಂಡಿ ಸಡಿಲವಾಗಿತ್ತು. ಅದನ್ನು ದಾರ ಹಾಕಿ ಬಿಗಿ ಮಾಡಿದರು, ಯಾರೋ ನಾಳೆ ತೊಟ್ಟುಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಮಾವ ಬಾಗಿಲಲ್ಲಿ ನಿಂತು ನೋಡಿ, ಹೇಳಿದ್ದೇ ತಪ್ಪಾಯಿತೇನೋ ಎಂದು ತಮ್ಮನ್ನೇ ಬೈದುಕೊಂಡರು. ಆ ವಿಷಯ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಒಂದು ಬೆಳಗ್ಗೆ ಸೊಸೆ ಕೆಲಸಕ್ಕೆ ಹೊರಟ ಮೇಲೆ ಅತ್ತೆ ಒಳ್ಳೆಯ ಸೀರೆ ಉಟ್ಟು, ಕೈಕೋಲು ಹಿಡಿದು ಬಾಗಿಲಿಗೆ ಬಂದರು.

"ಆ ಡ್ರೈವರಿನ ಬಸ್ಸು ಯಾವ ಕಡೆ ಹೋಗುತ್ತೆ?"

"ಯಾಕೆ?"

"ಹತ್ತೋಕೆ. ಬಸ್ಸು ಮತ್ಯಾಕೆ ಇರುತ್ತೆ?"

ಮಂಡಿನೋವಿನ ಹೆಂಡತಿ ಬಸ್ಸಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾಗಿತ್ತು. ಮಾವ ಹಿಂದಿನಿಂದ ಆತುಕೊಂಡು ಹತ್ತಿಸಿದರು. ಕನ್ನಡಿಯಲ್ಲಿ ಇಬ್ಬರನ್ನೂ ಕಂಡ ಡ್ರೈವರಿನ ಕಿವಿ ಕೆಂಪಾಯಿತು. ಅತ್ತೆ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂತರು. ಪರೀಕ್ಷೆ ತೆಗೆದುಕೊಳ್ಳಲು ಬಂದ ಮೇಲಧಿಕಾರಿಯ ಗತ್ತು. ಮುದುಕಿಯೊಬ್ಬಳು ಹತ್ತಿದಾಗ, ಅವಳು ಸೀಟು ಹಿಡಿದು ಕೂತದ್ದನ್ನು ಕನ್ನಡಿಯಲ್ಲಿ ನೋಡಿಯೇ ಅವನು ಬಸ್ಸನ್ನು ಬಿಟ್ಟದ್ದನ್ನು ನೋಡಿದರು. ಸ್ಕೂಟರಿನವನೊಬ್ಬ ಅಡ್ಡ ನುಗ್ಗಿ ತಾನೇ ಬೈದು ಹೋದದ್ದನ್ನೂ, ಇವನು ತಲೆ ಅಲ್ಲಾಡಿಸಿ ಸುಮ್ಮನಾದದ್ದನ್ನೂ ನೋಡಿದರು. ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ಟೀಗೆ ಹೋದ. ಅತ್ತೆ ಮಾತ್ರ ಅಲ್ಲಾಡಲಿಲ್ಲ. ಡ್ರೈವರ್ ಎಂಜಿನ್ ಆರಿಸಿ, ಸೀಟಿನಿಂದ ಇಳಿದು ಬಂದು ಎದುರಿಗೆ ನಿಂತ.

"ಕೂತ್ಕೋ" ಎಂದರು ಅತ್ತೆ. ಅವನು ಎದುರಿನ ಸೀಟಿನ ತುದಿಯಲ್ಲಿ ಕೂತ.

"ಕೋಪ ಬರುತ್ತಾ ನಿಂಗೆ?"

"ಬರುತ್ತಮ್ಮ. ಬಂದಾಗ ಹಾರ್ನ್ ಹೊಡೀತೀನಿ."

"ಮನೇಲಿ ಹಾರ್ನ್ ಇರಲ್ಲ."

"ಹೊರಗೆ ಹೋಗಿ ಒಂದು ಸುತ್ತು ಓಡಿ ಬರ್ತೀನಿ."

ಮಾವನಿಗೆ ನಗು ತಡೆಯಲಾಗಲಿಲ್ಲ. ಅತ್ತೆ ತಿರುಗಿ ಒಂದು ನೋಟ ಬಿಟ್ಟರು, ನಗು ಅಲ್ಲೇ ನಿಂತಿತು.

"ನಿಮ್ಮಮ್ಮ ಮಲಗಿದ್ದಾಗ ಯಾರು ನೋಡ್ಕೊಂಡ್ರು?"

"ನಾನೇ."

"ಸ್ನಾನ, ಬಟ್ಟೆ, ಎಲ್ಲಾ?"

"ಹಗಲು ಡ್ಯೂಟಿ ಹೊತ್ತಲ್ಲಿ ಒಬ್ಬರು ಬರ್ತಿದ್ರು. ಮಿಕ್ಕಿದ್ದು ನಾನೇ."

"ತಲೆ?"

"ಮೊದಲು ಜಡೆ ಹಾಕೋಕೆ ಬರ್ತಿರ್ಲಿಲ್ಲ. ಅಮ್ಮ ಎಳೀಬೇಡ್ವೋ ಅಂತ ಬೈಯೋರು. ಆಮೇಲೆ ಕಲಿತೆ."

ಅತ್ತೆ ಮುಖ ತಿರುಗಿಸಿ ಕಿಟಕಿಯ ಆಚೆ ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಒಂದು ಖಾಲಿ ಬಸ್ಸು, ನೀರು ಕುಡಿಯುತ್ತಿದ್ದ ಒಬ್ಬ ಮನುಷ್ಯ. ಸೆರಗಿನಿಂದ ಮೂಗೊರೆಸಿಕೊಂಡು, "ನಾಳೆಯಿಂದ ಓಡೋಕೆ ಬಾ" ಎಂದರು. "ಅವಳು ಒಪ್ತಾಳೋ ಬಿಡ್ತಾಳೋ ನಂಗೊತ್ತಿಲ್ಲ. ನಮ್ಮ ಹೆಸರು ಹೇಳಿ ಅವಳು ಬೇಡ ಅನ್ನೋದು ಬೇಡ. ಅಷ್ಟೇ."

ಮರುದಿನ ಡ್ರೈವರ್ ಟ್ಯಾಂಕಿನ ಬಳಿ ಬಂದು ನಿಂತಾಗ ಕ್ಯಾಪ್ಟನ್ ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು. ಸೊಸೆ ದೂರದಿಂದಲೇ ಅವನನ್ನು ನೋಡಿ, ಆಮೇಲೆ ಮಾವನನ್ನು ನೋಡಿದಳು. ಮಾವ ಶೂ ದಾರ ಕಟ್ಟುವ ನೆಪದಲ್ಲಿ ಬಗ್ಗಿದರು. ಕಟ್ಟಿದ ದಾರವನ್ನೇ ಮತ್ತೆ ಬಿಚ್ಚಿ ಕಟ್ಟಿದರು. ಅವಳು ನೇರವಾಗಿ ಡ್ರೈವರಿನ ಬಳಿ ಹೋಗಿ ಏನೋ ಕೇಳಿದಳು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿರಬೇಕು. ಅವಳು ತಿರುಗಿ ಬಂದಾಗ ಮುಖ ಕೆಂಡವಾಗಿತ್ತು.

"ಬಸ್ ಹತ್ಕೊಂಡು ಹೋಗಿ ನನ್ನ ಮದುವೆ ಮಾತಾಡ್ಕೊಂಡು ಬಂದ್ರಾ ಮಾವ? ನನ್ನನ್ನ ಒಂದು ಮಾತು ಕೇಳ್ದೆ? ಸಾಗಹಾಕೋಕೆ ಅಷ್ಟು ಅವಸರಾನಾ?"

"ಹಾಗಲ್ಲ ಕಣಮ್ಮ..."

ಅವಳು ಕೇಳಲು ನಿಲ್ಲಲಿಲ್ಲ. ಕಾಲುವೆ ದಂಡೆ ಹಿಡಿದು ಓಡಿಯೇಬಿಟ್ಟಳು. ಡ್ರೈವರ್ ಒಂದು ಹೆಜ್ಜೆ ಮುಂದಿಟ್ಟ. ಮಾವ ಕೈ ಅಡ್ಡ ಹಿಡಿದು, "ನೀನು ಬೇಡ" ಎಂದು ತಾವೇ ಹೊರಟರು.

ಆ ದಿನ ಅವರು ಓಡಿದ ಹಾಗೆ ಹಿಂದೆಂದೂ ಓಡಿರಲಿಲ್ಲ. ಮಫ್ಲರ್ ಬಿಚ್ಚಿಕೊಂಡು ಎಲ್ಲೋ ಬಿತ್ತು. ಕಂಬಗಳು ಒಂದೊಂದಾಗಿ ಹಿಂದೆ ಸರಿದವು, ಸೊಸೆ ಮಾತ್ರ ಹತ್ತಿರವಾಗಲೇ ಇಲ್ಲ. "ನಿಲ್ಲಮ್ಮ" ಎಂದು ಕೂಗಲು ಹೋದರೆ ಬಾಯಿಂದ ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಪಕ್ಕೆ ಹಿಡಿದುಕೊಂಡಿತು. ಆದರೂ ನಿಲ್ಲಲಿಲ್ಲ. ಅವರ ಶೂಗಳ ಧಪಧಪ ಸದ್ದು ಕೇಳಿ ಸೊಸೆ ಒಮ್ಮೆ ತಿರುಗಿ ನೋಡಿದವಳು, ಆ ಮುಖದ ಬಣ್ಣ ಕಂಡು ಗಾಬರಿಯಾಗಿ ವಾಪಸ್ ಓಡಿ ಬಂದಳು. ಅವರನ್ನು ಸೇತುವೆಯ ಕಟ್ಟೆಯ ಮೇಲೆ ಕೂರಿಸಿ, ಅಭ್ಯಾಸಬಲದಿಂದ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

"ಹುಚ್ಚಾ ನಿಮಗೆ? ಏನಾದ್ರೂ ಆಗಿದ್ರೆ?"

"ಏನೂ... ಆಗಲ್ಲ. ಕೂತ್ಕೋ."

ಉಸಿರು ಹದಕ್ಕೆ ಬರುವವರೆಗೂ ಅವಳು ಕೈ ಬಿಡಲಿಲ್ಲ. ಆಮೇಲೆ ಅವರು ಹೇಳಿದರು:

"ನೀನು ಅವತ್ತು ನಕ್ಕೆಯಲ್ಲ, ಆ ಮೀಸೆಯವರ ಕತೆಗೆ. ನಂಗೆಷ್ಟು ಖುಷಿಯಾಯ್ತು ಗೊತ್ತಾ? ಆದ್ರೆ ಸುಳ್ಳು ಹೇಳಲ್ಲ, ಮರುಕ್ಷಣ ಹೊಟ್ಟೇಲಿ ಧಸಕ್ ಅಂತು. ಇವಳೂ ಹೋದ್ರೆ ನಮ್ಮ ಗತಿ ಏನು ಅಂತ. ನಿನ್ನ ಬಗ್ಗೆ ಯೋಚನೆ ಬಂದದ್ದು ಆಮೇಲೆ. ಅಷ್ಟು ಸ್ವಾರ್ಥ ನಂದು. ನೀನು ನನ್ನ ಆ ಸ್ವಾರ್ಥಕ್ಕೆ ನಿನ್ನ ಬದುಕು ಕೊಡ್ಬೇಡ."

ಸೊಸೆ ಕಾಲುವೆಯ ನೀರನ್ನು ನೋಡುತ್ತಾ ಕೂತಳು.

"ನಕ್ಕ ದಿನ ಮನೆಗೆ ಹೋಗಿ ಅತ್ತೆ ಮುಖ ನೋಡೋಕೆ ಆಗ್ಲಿಲ್ಲ ಮಾವ. ಕಳ್ಳತನ ಮಾಡ್ಕೊಂಡು ಬಂದ ಹಾಗಾಯ್ತು. ನಾನು ಹೋದ್ರೆ ನಿಮಗೇನು ಆಗ್ತೀನಿ ಹೇಳಿ? ಸೊಸೆ ಅನ್ನೋದು ಮುಗೀತು. ಬೀದೀಲಿ ಸಿಕ್ಕಿದ್ರೆ ಮಾವ ಅಂತ ಯಾವ ಬಾಯಲ್ಲಿ ಕರೀಲಿ?"

"ಕ್ಷೌರದವರು ಕರೀತಾರೆ, ಹಲ್ಲು ಕೀಳೋರು ಕರೀತಾರೆ, ಟೀ ಮಾರೋನು ಕರೀತಾನೆ. ನಿಂಗೊಬ್ಬಳಿಗೆ ಅಡ್ಡಿಯಾ? ಕರೆಯೋಕೆ ಕಲಿಸಿದ್ದೇ ನೀನು."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಹೇಳಿದಳು: "ನಂಗೆ ಸಮಯ ಬೇಕು. ಇದರಲ್ಲಿ ನೀವಿಬ್ಬರೂ ಇನ್ನು ಬಾಯಿ ಹಾಕ್ಬಾರ್ದು. ಅತ್ತೆಗೂ ಹೇಳ್ಬಿಡಿ."

"ನಾನು ಬಾಯಿ ಮುಚ್ಕೊಂಡಿರ್ತೀನಿ. ಅತ್ತೆಗೆ ಮಾತ್ರ ನೀನೇ ಹೇಳು. ಅಷ್ಟು ಧೈರ್ಯ ನಂಗಿಲ್ಲ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅವಳು ಹೇಳಿದಳು ಕೂಡ. ಒಂದು ಸಂಜೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಮಾವ ಹೊರಗೆ ಪೇಪರ್ ಹಿಡಿದು ಕೂತು ಒಂದು ಸಾಲನ್ನೂ ಓದದೆ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. ಮೊದಲು ಗಟ್ಟಿ ದನಿ ಕೇಳಿತು, ಆಮೇಲೆ ಸದ್ದೇ ಇಲ್ಲ, ಆಮೇಲೆ ಅಳು, ಯಾರದೆಂದು ತಿಳಿಯಲಿಲ್ಲ, ಕೊನೆಗೆ ಪಾತ್ರೆಗಳ ಸದ್ದು. ಊಟಕ್ಕೆ ಕರೆದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. ಒಳಗೆ ಏನು ಮಾತಾಯಿತೆಂದು ಯಾರೂ ಹೇಳಲಿಲ್ಲ. ಮಾವ ಕೇಳಲೂ ಇಲ್ಲ, ಎರಡು ತುತ್ತು ಜಾಸ್ತಿ ಉಂಡರು.

ಚಳಿ ಮುಗಿದು, ಬಿಸಿಲು ಮುಗಿದು, ಮಳೆ ಶುರುವಾಗುವ ಹೊತ್ತಿಗೆ ಸೊಸೆ ತಾನಾಗಿಯೇ ಹೂಂ ಎಂದಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ಅಂದು ಬೆಳಗ್ಗೆ ಕ್ಯಾಪ್ಟನ್ ತಮ್ಮ ಅಂಗಡಿಯಲ್ಲಿ ಮದುಮಗನಿಗೆ ಕ್ಷೌರ ಮಾಡುತ್ತಾ, "ಇಷ್ಟು ವರ್ಷದಲ್ಲಿ ಕೈ ನಡುಗಿರ್ಲಿಲ್ಲ, ನೆಟ್ಟಗೆ ಕೂತ್ಕೊಳ್ಳೋ" ಎಂದು ಗದರಿದರಂತೆ. ಸಾಕ್ಷಿಯಾಗಿ ಅವರೂ ಡಾಕ್ಟ್ರಮ್ಮನೂ ಟೀ ಅಂಗಡಿಯವನೂ ರುಜು ಹಾಕಿದರು. ಸೊಸೆಯ ಅಣ್ಣ ಬಂದು ಫೋಟೋಗೆ ನಿಂತು ಹೋದ. ಗುಮಾಸ್ತ ತಲೆಯೆತ್ತಿ, "ಇವರು ಹುಡುಗಿಗೆ ಏನಾಗ್ಬೇಕು?" ಎಂದು ಮಾವನತ್ತ ತೋರಿಸಿದ. ಅತ್ತೆ ಕೋಲು ಊರಿ ಮುಂದೆ ಬಂದು, "ಅಪ್ಪ ಅಮ್ಮ ಅಂದ್ಕೊಳ್ಳಪ್ಪ, ಬೇಗ ಕೆಲಸ ಮುಗ್ಸು, ನನ್ನ ಮಂಡಿ ನೋಯ್ತಿದೆ" ಎಂದರು.

ಹೊಸ ಜೋಡಿ ಹಿಂದಿನ ಬೀದಿಯಲ್ಲೇ ಮನೆ ಹಿಡಿದಿದ್ದರು. ಹತ್ತಿರವೇ ಆದರೂ ಸೊಸೆಯ ಸೂಟ್‌ಕೇಸ್ ಹೊಸಿಲು ದಾಟಿದಾಗ ಮಾವನ ಕಣ್ಣು ಮಂಜಾಯಿತು. ಅವಳು ಹೋಗುವ ಮುಂಚೆ ಮಗನ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು, ಬಂದು ಅತ್ತೆಯ ಹೆಗಲಿಗೆ ಮುಖವಿಟ್ಟಳು. ಆ ಹೊತ್ತಿನಲ್ಲಿ ಡ್ರೈವರ್ ಹೊರಗೇ ನಿಂತಿದ್ದ, ಒಳಗೆ ಬರಲಿಲ್ಲ. ಮಾವನಿಗೆ ಅದು ಹಿಡಿಸಿತು.

ಮರುದಿನ ಬೆಳಗ್ಗೆ ಮನೆ ಭಣಗುಡುತ್ತಿತ್ತು. ಮಾವ ಎದ್ದು ಮಂಚದ ತುದಿಯಲ್ಲಿ ಕೂತರು. ಶೂ ಕಡೆ ಕೈ ಹೋಗಲಿಲ್ಲ. "ಇವತ್ತೊಂದು ದಿನ ಬಿಡ್ತೀನಿ ಕಣೇ" ಎಂದರು. ಅತ್ತೆ ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?"

"ತಿರುವಿನವರೆಗೆ. ಅವಳು ಹೇಳಿ ಹೋಗಿದ್ದಾಳೆ, ದಿನಾ ಸ್ವಲ್ಪ ನಡೀಬೇಕಂತೆ, ಇಲ್ಲಾಂದ್ರೆ ಮಂಡಿ ಪೂರ್ತಿ ಕೂತ್ಬಿಡುತ್ತಂತೆ. ಒಬ್ಬಳೇ ಹೋಗೋಕೆ ನಂಗೆ ನಾಚಿಕೆ. ಬನ್ನಿ."

ಇಬ್ಬರೂ ಗೋಡೆಯ ಬದಿ ಹಿಡಿದು ನಡೆದರು. ಹಾಲಿನ ಗಾಡಿ ಅವರನ್ನು ಹಿಂದೆ ಹಾಕಿತು, ಪೇಪರಿನವನ ಸೈಕಲ್ ಹಿಂದೆ ಹಾಕಿತು. ತಿರುವಿಗೆ ಬರುವಷ್ಟರಲ್ಲಿ ಅತ್ತೆಗೆ ಏದುಸಿರು. ಮಾವ ಅಂಗಡಿಯೊಂದರ ಮುಚ್ಚಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಅವರನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕಾಲುವೆ ಕಡೆಗೆ ತಿರುಗುವ ಬೀದಿಯ ಆ ತುದಿಯಲ್ಲಿ ಕ್ಯಾಪ್ಟನ್ನಿನ ಕಡ್ಡಿ ಕಾಲು ಕಾಣಿಸಿತು, ಅವರ ಹಿಂದೆ ಡಾಕ್ಟ್ರಮ್ಮ, ಅವರ ಹಿಂದೆ ಹೆಜ್ಜೆ ಹೊಂದಿಸಿಕೊಂಡ ಇನ್ನಿಬ್ಬರು.

"ಹೋಗ್ರೀ" ಎಂದರು ಅತ್ತೆ. "ನಾನಿಲ್ಲೇ ಇರ್ತೀನಿ. ಎಲ್ಲಿಗೆ ಓಡಿಹೋಗ್ಲಿ?"

ಮಾವ ಬಗ್ಗಿ ಚಪ್ಪಲಿ ಕಳಚಿ ಅತ್ತೆಯ ಪಕ್ಕದಲ್ಲಿಟ್ಟು, ಬರಿಗಾಲಲ್ಲೇ ರಸ್ತೆಗೆ ಇಳಿದರು.